ನೊಣದ ಲೆಕ್ಕ

ಮೂರನೆಯ ತುಂಡನ್ನು ಪರ್ರನೆ ಹರಿದು ಪಕ್ಕಕ್ಕಿಟ್ಟ ತುರ್ದುಕಾನ್, ಉಳಿದ ಬಿಳಿ ಬಟ್ಟೆಯನ್ನು ಸುರುಳಿ ಸುತ್ತಿ ತೊಡೆಯ ಕೆಳಗೆ ತಳ್ಳಿಕೊಂಡು ಕೂತುಬಿಟ್ಟಳು.

ಎದುರು ಕೂತಿದ್ದ ಬೂರುಲ್ ತುಂಡುಗಳನ್ನು ಮತ್ತೊಮ್ಮೆ ಎಣಿಸಿದಳು. ಗಂಡಸಿನ ಹೆಣಕ್ಕೆ ಮೂರು ತುಂಡು, ಹೆಂಗಸಿನದಕ್ಕೆ ಐದು. ತಲೆಗೊಂದು, ಎದೆಗೊಂದು, ಆ ಎರಡು ಹೆಚ್ಚಿನ ತುಂಡು ಹೆಂಗಸಿನ ಪಾಲು. ಊರಿನ ಚೋಟುದ್ದ ಹುಡುಗಿಗೂ ಇದು ಗೊತ್ತಿರುವ ಮಾತು.

"ಅತ್ತೆ, ಇನ್ನೆರಡು ಹರೀಲೇ ಇಲ್ವಲ್ಲ?" ಎಂದಳು ತುರ್ದುಕಾನಳ ಸೊಸೆ ಕೆನ್ಜೆ.

"ಮೂರು ಯಾರಿಗಾದ್ರೂ ಆಗುತ್ತೆ. ಇನ್ನೆರಡರ ವಿಷಯ ಮುಲ್ಲಾ ಹೇಳ್ಲಿ."

ಉಣ್ಣೆಯ ಗುಡಾರದ ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತಿದ್ದ ಹೆಂಗಸರ ದನಿ ಒಂದು ಗಳಿಗೆ ತಡವರಿಸಿ ಮತ್ತೆ ಹಾದಿಗೆ ಬಂತು. ಪರದೆಯ ಹಿಂದೆ ಅಸಿಲ್ಕಾನ್ ಮಲಗಿದ್ದಳು. ವಯಸ್ಸು ನಲವತ್ತೊಂದು. ಮದುವೆಯಿಲ್ಲ, ಮಕ್ಕಳಿಲ್ಲ. ರಾಜಧಾನಿ ಫ್ರುಂಜೆಯ ವಿಶ್ವವಿದ್ಯಾಲಯದ ನೊಣದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಹಣ್ಣಿನ ನೊಣಗಳಿಗೆ ಅಂಬಲಿ ಕಾಯಿಸಿದವಳು. ಮೊನ್ನೆ ಆಸ್ಪತ್ರೆಯಲ್ಲಿ ಎದೆ ಹಿಡಿದುಕೊಂಡು ಹೋದಳು. ವಿಭಾಗದ ವ್ಯಾನಿನಲ್ಲಿ ಅವಳನ್ನು ಅಣ್ಣನ ಊರಿಗೆ ತಂದವಳು ಬೂರುಲ್. ಅದೇ ವಿಭಾಗದಲ್ಲಿ ಅವಳು ಈಗ ದೊಡ್ಡ ಪ್ರೊಫೆಸರು.

ಹೊರಗೆ ಅಸಿಲ್ಕಾನಳ ಅಣ್ಣ, ತುರ್ದುಕಾನಳ ಗಂಡ ಎಸೆನ್ ಕೋಲೂರಿ ಬಗ್ಗಿ ನಿಂತು, ಬಂದವರು ಬಂದಂತೆಲ್ಲ ದನಿಯೆತ್ತಿ ಅಳುತ್ತಿದ್ದ. "ಓ ನನ್ನ ಬೆಳಕೇ! ಓ ನನ್ನ ಜೀವವೇ!" ಬೆಳಿಗ್ಗೆಯಿಂದ ಬೂರುಲ್ ಲೆಕ್ಕ ಹಾಕುತ್ತಲೇ ಇದ್ದಳು. ಎಣಿಸುವುದು ಅವಳ ಹುಟ್ಟುಗುಣ. ಬೆಳಕು ಎಂದ, ಜೀವ ಎಂದ, ಬೆನ್ನೆಲುಬು ಎಂದ. ತಂಗಿ ಸತ್ತಾಗ ಅಣ್ಣನಾದವನು ಮೊದಲು ಕೂಗುವ ಮಾತು 'ತಂಗಿ'. ಅದೊಂದನ್ನು ಮಾತ್ರ ಅವನು ಒಂದು ಸಲವೂ ಅನ್ನಲಿಲ್ಲ.

ಗುಡಾರದ ನೆತ್ತಿಯಲ್ಲಿ ಬೆಳಕಿಗೆಂದು ಬಿಟ್ಟ ಬಳೆಯಾಕಾರದ ಕಿಂಡಿಯಿಂದ ಬಿಸಿಲಿನ ಬಿಲ್ಲೆಯೊಂದು ಕೆಳಗೆ ಬಿದ್ದು ಕಂಬಳಿಯ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಅದು ಪರದೆಯ ಅಂಚು ಮುಟ್ಟಿದರೆ ಮಧ್ಯಾಹ್ನ. ಗುಂಡಿ ಮುಂಜಾನೆಯೇ ತೋಡಿ ಆಗಿತ್ತು. ಹೊರಗೆ ಕೊಪ್ಪರಿಗೆಯಲ್ಲಿ ನೀರು ಕುದಿಯುತ್ತಿತ್ತು. ಹೆಣ ತೊಳೆಯಲು ಆರಿಸಿದ ಐವರು ಹೆಂಗಸರಲ್ಲಿ ಒಬ್ಬಳಾದರೂ ಅಂಗಿಯ ತೋಳು ಮಡಚಿರಲಿಲ್ಲ.

ಬಾಗಿಲ ಕಂಬಳಿಯ ಆಚೆಯಿಂದ ಮುಲ್ಲಾನ ಕೆಮ್ಮು ಕೇಳಿಸಿತು.

"ಏನಮ್ಮಾ ತುರ್ದುಕಾನ್, ನೀರು ಕಾದು ಕಾದು ಇಂಗಿಹೋಗ್ತಾ ಇದೆ. ತೊಳೀತೀರೋ ಇಲ್ವೋ?"

"ತೊಳೆಯೋರು ಯಾರು ಅಂತ ಹೇಳಿ ಮುಲ್ಲಾ. ಹೆಂಗಸರಾ, ಗಂಡಸರಾ?"

ಊರಿನ ಗುಸುಗುಸು ಮುಲ್ಲಾನ ಕಿವಿಗೂ ಬಿದ್ದಿದ್ದೇ. "ನೋಡಿ, ಸಂಶಯ ಇದ್ರೆ ಅದಕ್ಕೂ ಕಿತಾಬಿನಲ್ಲಿ ದಾರಿ ಇದೆ. ನೀರು ಹಾಕೋದು ಬೇಡ. ಕೈಗೆ ಬಟ್ಟೆ ಸುತ್ಕೊಂಡು, ಒಣ ಮಣ್ಣು ಮುಟ್ಟಿ, ಮುಖಕ್ಕೊಂದು ಸಲ ಕೈಗೊಂದು ಸಲ ಸವರಿದ್ರೆ ಮುಗೀತು. ಆದ್ರೆ ನಮಾಜಿಗೆ ನಿಂತಾಗ ಸತ್ತೋರು ಹೆಣ್ಣಾ ಗಂಡಾ ಅಂತ ನಾನು ಜನರಿಗೆ ಕೂಗಿ ಹೇಳ್ಬೇಕು. ಬಿಸಿಲು ಪರದೆಗೆ ಬರೋದ್ರೊಳಗೆ ತೀರ್ಮಾನ ಮಾಡಿ."

ಗೋಡೆಯ ಬದಿಯ ಮುದುಕಿಯೊಬ್ಬಳು ಗೊಣಗಿದಳು. "ಇದೇನೇ ಹುಚ್ಚು! ಪರದೆ ಸರಿಸಿ ನೋಡಿದ್ರೆ ಗೊತ್ತಾಗಲ್ವಾ?"

"ನೋಡೋಕೆ ಹೆಣ್ಣೇ. ಹತ್ತು ವರ್ಷದವಳಿದ್ದಾಗಿಂದ ಸಾಕಿದವಳು ನಾನು, ನಂಗೆ ಗೊತ್ತಿಲ್ವಾ?" ತುರ್ದುಕಾನ್ ಮಾತು ಮುದುಕಿಗೆ ಹೇಳಿದರೂ ಕಣ್ಣು ಬೂರುಲಳ ಮೇಲಿತ್ತು. "ಎದೆ ಬರಲಿಲ್ಲ, ತಿಂಗಳ ಮುಟ್ಟು ಬರಲಿಲ್ಲ. ಒಳಗಿನ ಲೆಕ್ಕವೇ ಬೇರೆ ಅಂತ ಓದಿದೋರು ಹೇಳಿದ್ರು. ಕಣ್ಣಿಗೆ ಕಂಡಿದ್ದು ನಂಬಿ ನಾಳೆ ದೇವರಿಗೆ ಏನು ಉತ್ತರ ಹೇಳ್ಲಿ?"

ಓದಿದವರು ಎಂದರೆ ಯಾರು ಎಂದು ಗುಡಾರದಲ್ಲಿ ಯಾರೂ ಕೇಳಲಿಲ್ಲ.

* * *

ಇಪ್ಪತ್ತೊಂದು ವರ್ಷದ ಹಿಂದೆ ಬೂರುಲಳಿಗೆ ಇಪ್ಪತ್ತೆರಡು. ನೊಣ ಸಾಕಿ ಅನುವಂಶಿಕತೆ ಕಲಿಯುವ ಪಾಠವೆಲ್ಲ ಸುಳ್ಳು ಎಂದು ಸರ್ಕಾರ ದೇಶದಲ್ಲೆಲ್ಲ ಮುಚ್ಚಿಸಿದ್ದ ಕಾಲ ಆಗತಾನೇ ಮುಗಿದಿತ್ತು. ಹೊಸ ಪುಸ್ತಕಗಳು ಇನ್ನೂ ಬಂದಿರಲಿಲ್ಲ. ವಯಸ್ಸಾದ ಮೇಷ್ಟ್ರೊಬ್ಬರು ಹದಿನೆಂಟು ವರ್ಷ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟು ಉಳಿಸಿಕೊಂಡಿದ್ದ ಹಳೆಯ ಪುಸ್ತಕವೊಂದೇ ಗತಿ. ಹಾಳೆ ಮಡಚಿದರೆ ಮುರಿಯುತ್ತಿತ್ತು. ಬೂರುಲ್ ಅದನ್ನು ಬಾಯಿಪಾಠ ಮಾಡಿದ್ದಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುವ ಹಾಗೆ, ಕಂಡವರಿಗೆಲ್ಲ ನೊಣದ ಪಾಠ ಒಪ್ಪಿಸುವ ಹುರುಪು ಅವಳಿಗೆ.

ಅಸಿಲ್ಕಾನ್ ಹಿಂದಿನ ವರ್ಷವೇ ಅಲ್ಲಿ ಅಂಬಲಿ ಕಾಯಿಸುವ ಕೆಲಸಕ್ಕೆ ಸೇರಿದ್ದಳು. ಜೋಳದ ಹಿಟ್ಟು, ಒಣದ್ರಾಕ್ಷಿ, ಹುದುಗು. ಕುದಿಸಿ, ಹಾಲಿನ ಬಾಟಲಿಗೆ ಹೊಯ್ದು, ಹತ್ತಿಯ ಬಿರಡೆ ಹಾಕುವುದು. ಇಷ್ಟೇ ಮಾಡಬೇಕಿದ್ದವಳು ಆರೇ ತಿಂಗಳಲ್ಲಿ ಹೆಣ್ಣು ನೊಣ ಗಂಡು ನೊಣ ಬೇರೆ ಮಾಡುವುದನ್ನೂ ಕಲಿತಳು. ನೊಣಗಳಿಗೆ ಮತ್ತು ಬರಿಸಿ, ಬಿಳಿ ಗಾಜಿನ ಮೇಲೆ ಸುರಿದುಕೊಂಡು, ಹೆಬ್ಬಾತಿನ ಗರಿಯಿಂದ ಒಂದೊಂದನ್ನೇ ಸರಿಸುವಳು. ಹಿಂಬದಿ ಕಪ್ಪಗಿದ್ದರೆ ಎಡಕ್ಕೆ, ಅದು ಗಂಡು. ಬೆಳ್ಳಗೆ ಚೂಪಾಗಿದ್ದರೆ ಬಲಕ್ಕೆ, ಅದು ಹೆಣ್ಣು. ಹನ್ನೆರಡು ವರ್ಷದ ಹುಡುಗಿಯಷ್ಟು ಕುಳ್ಳಗಿದ್ದ ಅವಳಿಗೆ ಮೇಜು ಎಟುಕಲು ಕಾಲಡಿಗೆ ಪೆಟ್ಟಿಗೆ ಬೇಕಿತ್ತು. ಕೈ ಮಾತ್ರ ಒಂದು ಸಲವೂ ತಪ್ಪಲಿಲ್ಲ.

ಆ ವಸಂತದಲ್ಲಿ ಅವಳಿಗೆ ಸಂಬಂಧ ಕೂಡಿಬಂದಿತ್ತು. ವರನ ತಾಯಿ ಬಂದು ಕಿವಿಗೆ ಬೆಳ್ಳಿಯ ಓಲೆ ಇಟ್ಟು ಹೋಗಿದ್ದಳು. ಓಲೆ ಹಾಕುವಾಗ ಎರಡು ಬೆರಳಿನಿಂದ ಕಿವಿಯ ಹಾಲೆ ಹಿಡಿದುಕೊಂಡವಳು ಅತ್ತಿಗೆ ತುರ್ದುಕಾನ್. ತಾಯಿಯಿಲ್ಲದ ಹುಡುಗಿಗೆ ತಾಯಿಯ ಜಾಗದಲ್ಲಿ ನಿಂತವಳು. ಮದುವೆಗೆ ಮುಂಚೆ ಒಮ್ಮೆ ತೋರಿಸಿಬಿಡೋಣ ಎಂದು ನಾದಿನಿಯನ್ನು ಆಸ್ಪತ್ರೆಗೆ ಕಳಿಸಿದವಳೂ ಅವಳೇ. ಆಸ್ಪತ್ರೆಯವರು ರಕ್ತವನ್ನು ದೂರದ ದೊಡ್ಡ ನಗರಕ್ಕೆ ಕಳಿಸಿದರು. ಮೂರು ತಿಂಗಳಾದ ಮೇಲೆ ಒಂದು ಚೀಟಿ ಬಂತು.

"ಡಾಕ್ಟರು ಮಕ್ಕಳಾಗಲ್ಲ ಅಂದ್ರು, ಅಷ್ಟೇ. ಇದ್ರಲ್ಲಿ ಏನು ಬರ್ದಿದೆ ಓದಿ ಹೇಳೇ," ಎಂದು ಅಸಿಲ್ಕಾನ್ ಅದನ್ನು ಬೂರುಲಳ ಕೈಗಿಟ್ಟಳು.

ವರ್ಣತಂತುವಿನ ಎಳೆ ನಲವತ್ತೈದು, ಎಲ್ಲರಿಗಿಂತ ಒಂದು ಕಡಿಮೆ. ಎಕ್ಸ್ ಒಂದೇ.

ಬೂರುಲಳ ಕಣ್ಣಿಗೆ ಹಳೆಯ ಪುಸ್ತಕದ ಪುಟವೇ ಕಟ್ಟಿತು. ಎರಡು ಎಕ್ಸ್ ಇದ್ದರೆ ಹೆಣ್ಣು ನೊಣ. ಒಂದೇ ಇದ್ದರೆ ಗಂಡು, ವೈ ಇರಲಿ ಬಿಡಲಿ. ವೈ ಇಲ್ಲದ ಗಂಡಿಗೆ ಮರಿಯಾಗುವುದಿಲ್ಲ ಅಷ್ಟೇ. ನೊಣಕ್ಕಿದ್ದ ನಿಯಮವೇ ಮನುಷ್ಯನಿಗೂ ಎಂದು ಕೆಳಗೆ ಬರೆದಿತ್ತು. ಎಲ್ಲವೂ ಕೂಡಿಬಂತು. ಮಕ್ಕಳಾಗುವುದಿಲ್ಲ ಎಂದಿದ್ದರಲ್ಲ ಡಾಕ್ಟರು! ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವಳಿಗೆ ಗೆಳತಿಯ ಮುಖ ಕಾಣಲೇ ಇಲ್ಲ, ಲೆಕ್ಕ ಬಿಡಿಸಿದ ಖುಷಿಯೊಂದೇ ಕಂಡಿತು.

"ಹಾಗಾದ್ರೆ ನಾನು ಗಂಡಸಾ?" ಎಂದಿದ್ದಳು ಅಸಿಲ್ಕಾನ್, ಕೈಯಲ್ಲಿ ಗರಿ ಹಿಡಿದುಕೊಂಡೇ.

"ಲೆಕ್ಕದ ಪ್ರಕಾರ ಹೌದು ಕಣೇ."

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮುಂದಿನ ಭಾನುವಾರ ಇಬ್ಬರೂ ಊರಿಗೆ ಬಂದರು. ಚಹಾ ಹೊಯ್ಯುತ್ತ ತುರ್ದುಕಾನ್ ಕೇಳಿದಳು, ಬೂರುಲ್ ಮೂರು ಜನ ನೆರೆಯ ಹೆಂಗಸರ ಎದುರಿಗೇ ಪಾಠ ಒಪ್ಪಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರನೆಯ ದಿನ ವರನ ಕಡೆಯವರು ಸಂಬಂಧ ಬೇಡ ಎಂದು ಹೇಳಿಕಳಿಸಿದರು. ತುರ್ದುಕಾನ್ ತನ್ನ ಕೈಯಾರೆ ಓಲೆ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಕೊಟ್ಟಳು.

* * *

"ಅತ್ತಿಗೆ, ಅದು ಯಾವ ಕಾಲದ ಮಾತು..." ಬೂರುಲ್ ಶುರು ಮಾಡಿದಳು.

"ಯಾಕೆ, ಮಾತೇನು ಹಾಲಾ, ಹಳೇದಾದ್ರೆ ಹುಳಿಯಾಗೋಕೆ?"

ಕೆನ್ಜೆ ಎಲ್ಲರ ನಡುವೆ ಸೇಬಿನ ತಟ್ಟೆ ಇಟ್ಟು ಹೋದಳು. ಹಣ್ಣು ಇಟ್ಟದ್ದೇ ತಡ, ಎಲ್ಲಿದ್ದವೋ ಏನೋ, ಎರಡು ಸಣ್ಣ ನೊಣಗಳು ಬಂದು ಸುತ್ತತೊಡಗಿದವು. ಒಂದರ ಹಿಂಬದಿ ಕಪ್ಪು. ಬೂರುಲಳ ಕಣ್ಣು ತಾನಾಗಿ ಅದನ್ನು ಎಡಕ್ಕೆ ಸರಿಸಿತು. ತುರ್ದುಕಾನ್ ಎರಡನ್ನೂ ಒಂದೇ ಏಟಿಗೆ ಓಡಿಸಿದಳು.

ಬಿಸಿಲಿನ ಬಿಲ್ಲೆ ಸೇಬಿನ ತಟ್ಟೆ ದಾಟಿತ್ತು. ಪರದೆಗೆ ಇನ್ನು ಎರಡು ಗೇಣು.

ಹೇಳಬೇಕು, ಈಗಲೇ ಹೇಳಬೇಕು. ಆದರೆ ಏನೆಂದು? ನನ್ನದು ತಪ್ಪು ಎಂದರೆ, ಗೊತ್ತಾಗಿದ್ದು ಯಾವಾಗ ಎಂದು ಕೇಳುತ್ತಾರೆ. ಹೊರಗೆ ವ್ಯಾನಿನಲ್ಲಿ ವಿಭಾಗದ ನಾಲ್ಕು ಜನ ಹೂವಿನ ಚಕ್ರ ಹಿಡಿದು ಕಾಯುತ್ತಿದ್ದರು. ಅವರೆಲ್ಲ ಅವಳ ಶಿಷ್ಯರೇ.

"ಮಣ್ಣು ತರಿಸಲಾ ಅತ್ತೆ?" ಎಂದು ಕೆನ್ಜೆ ಮೆಲ್ಲಗೆ ಕೇಳಿದಳು. "ಹೊತ್ತಾಯ್ತು."

"ತರಿಸು. ಜರಡಿ ಹಿಡಿದು ತರೋಕೆ ಹೇಳು, ಕಲ್ಲಿರಬಾರದು."

ತುರ್ದುಕಾನಳ ದನಿ ಗಟ್ಟಿಯಾಗಿಯೇ ಇತ್ತು. ಆದರೆ ತೊಡೆಯ ಕೆಳಗಿನ ಬಟ್ಟೆಯನ್ನು ಅವಳ ಕೈ ಹಿಸುಕುತ್ತಲೇ ಇತ್ತು. ಇವಳಿಗೂ ಮಣ್ಣು ಬೇಕಾಗಿಲ್ಲ ಎಂದು ಬೂರುಲಳಿಗೆ ಆಗ ಹೊಳೆಯಿತು.

* * *

ಹೊಸ ಪುಸ್ತಕ ಬಂದದ್ದು ಎರಡು ವರ್ಷ ಕಳೆದ ಮೇಲೆ. ಬೂರುಲ್ ಆ ಪುಟವನ್ನು ಎರಡೆರಡು ಸಲ ಓದಿ, ಪುಸ್ತಕವನ್ನು ಹಿಡಿದುಕೊಂಡೇ ಅಂಬಲಿಯ ಒಲೆಯ ಹತ್ತಿರ ಓಡಿದ್ದಳು.

"ಅಸಿಲ್ಕಾನ್, ನಾನು ಹೇಳಿದ್ದು ತಪ್ಪು ಕಣೇ. ಅದು ಬರೀ ನೊಣದ ಲೆಕ್ಕ. ಮನುಷ್ಯರದ್ದು ಹಾಗಲ್ವಂತೆ. ಎಕ್ಸ್ ಎಷ್ಟಾದ್ರೂ ಇರ್ಲಿ, ವೈ ಇದ್ರೆ ಗಂಡು, ಇಲ್ದಿದ್ರೆ ಹೆಣ್ಣು. ನಿಂಗೆ ವೈ ಇಲ್ಲವೇ ಇಲ್ಲ."

ಅಸಿಲ್ಕಾನ್ ಸೌಟು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ತಳ ಹಿಡಿಯುತ್ತದೆ. "ಅಂದ್ರೆ?"

"ಅಂದ್ರೆ ನೀನು ಹೆಂಗಸು. ಮೊದಲಿಂದಲೂ."

ಅವಳು ತುಂಬ ಹೊತ್ತು ತಿರುವಿದಳು. ಆಮೇಲೆ ಸೆರಗಿನಂತೆ ಕಟ್ಟಿಕೊಂಡಿದ್ದ ತಲೆವಸ್ತ್ರದ ತುದಿಯಿಂದ ಮುಖದ ಬೆವರು ಒರೆಸಿಕೊಂಡಳು. "ಊರಿಗೆ ಬಂದು ಅತ್ತಿಗೆಗೆ ಹೇಳೇ. ನಾನು ಹೇಳಿದ್ರೆ ನಗ್ತಾರೆ. ನೀನು ಹೇಳಿದ್ದನ್ನ ನೀನೇ ಬಂದು ತೆಗೀಬೇಕು."

"ನೌರೂಜ್ ಹಬ್ಬಕ್ಕೆ ಬರ್ತೀನಿ."

ನೌರೂಜ್ ಬಂತು, ಪರೀಕ್ಷೆಯೂ ಬಂತು. ಮರುವರ್ಷ ಬೂರುಲಳ ಮದುವೆ, ಆಮೇಲೆ ಮಗು, ಆಮೇಲೆ ಪದವಿ. ಅಸಿಲ್ಕಾನ್ ಮೂರು ಸಲ ಕೇಳಿ ಸುಮ್ಮನಾದಳು. ಊರಿನ ಗುಡಾರದಲ್ಲಿ ಬಲಗಡೆ ಹೆಂಗಸರು ಕೂರುತ್ತಾರೆ, ಎಡಗಡೆ ಗಂಡಸರು. ಹಬ್ಬಹರಿದಿನದಲ್ಲಿ ಹೋದರೆ ಅವಳನ್ನು ಎರಡೂ ಕಡೆ ಕರೆಯದೆ ಬಾಗಿಲ ಹತ್ತಿರ ನಡುವೆ ಕೂರಿಸುತ್ತಾರಂತೆ. ಅದನ್ನು ಅವಳು ದೂರಿನಂತೆ ಹೇಳಿದವಳಲ್ಲ, ನಗುತ್ತಲೇ ಹೇಳಿದ್ದಳು. "ಬಾಗಿಲ ಹತ್ರ ಗಾಳಿ ಚೆನ್ನಾಗಿ ಬರುತ್ತೆ ಬಿಡು."

ಮೊನ್ನೆ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಲೇ ಬೂರುಲಳ ಮಣಿಕಟ್ಟು ಹಿಡಿದು ಒಂದೇ ಮಾತು ಕೇಳಿದಳು. "ಈ ಸಲನಾದ್ರೂ ಊರಿಗೆ ಬರ್ತೀಯಲ್ಲ?"

* * *

ಜರಡಿ ಹಿಡಿದ ಮಣ್ಣು ಪಿಂಗಾಣಿ ಬಟ್ಟಲಲ್ಲಿ ಒಳಗೆ ಬಂತು. ಚಹಾ ಕುಡಿಯುವ ಬಟ್ಟಲೇ. ಅದನ್ನು ಕಂಡದ್ದೇ ಬೂರುಲ್ ಎದ್ದು ನಿಂತುಬಿಟ್ಟಳು.

"ಮಣ್ಣು ಬೇಡ. ಅವಳು ಹೆಂಗಸು. ನಾನು ಅವತ್ತು ಹೇಳಿದ್ದು ತಪ್ಪು."

ಹಾಡಿ ಅಳುತ್ತಿದ್ದವರೆಲ್ಲ ಹಾಡು ನಿಲ್ಲಿಸಿದರು. ತುರ್ದುಕಾನ್ ತಲೆಯೆತ್ತಲಿಲ್ಲ.

"ಸತ್ತೋಳ ಮೇಲೆ ಕನಿಕರ ಬಂತಾ?"

"ಕನಿಕರ ಅಲ್ಲ ಅತ್ತಿಗೆ, ನಿಜ. ನೊಣದಲ್ಲಿ ಎಕ್ಸ್ ಅನ್ನೋ ಎಳೆ ಎಷ್ಟಿದೆ ಅಂತ ಲೆಕ್ಕ. ಎರಡಿದ್ರೆ ಹೆಣ್ಣು, ಒಂದಿದ್ರೆ ಗಂಡು. ಮನುಷ್ಯರಲ್ಲಿ ಅದನ್ನ ಯಾರೂ ಎಣಿಸಲ್ಲ. ತಂದೆ ಕೊಡೋ ವೈ ಅನ್ನೋ ಎಳೆ ಬಂದ್ರೆ ಗಂಡು, ಬರದಿದ್ರೆ ಹೆಣ್ಣು. ಇವಳ ಚೀಟಿಯಲ್ಲಿ ಅದು ಇರಲಿಲ್ಲ. ನೊಣದ ಮನೇಲಿ ಹುಟ್ಟಿದ್ರೆ ಇವಳು ಗಂಡಾಗ್ತಿದ್ಲು. ಹುಟ್ಟಿದ್ದು ನಿಮ್ಮನೇಲಿ. ಮೈ ಬೆಳೀಲಿಲ್ಲ, ಮಕ್ಕಳಾಗೋ ಹಾಗಿರಲಿಲ್ಲ, ಎದೆ ಗಟ್ಟಿ ಇರಲಿಲ್ಲ, ಅಷ್ಟೇ. ಅವಳು ಹೆಣ್ಣೇ."

"ಮತ್ತೆ ಅವತ್ತು ಯಾಕೆ ಹಾಗಂದೆ?"

"ನೊಣದ ಪುಸ್ತಕ ಹಿಡ್ಕೊಂಡು ಮನುಷ್ಯರನ್ನ ಓದಿದೆ. ನಂಗೆಲ್ಲ ಗೊತ್ತು ಅಂತ ತೋರಿಸ್ಕೋಬೇಕಿತ್ತು."

"ಗೊತ್ತಾಗಿದ್ದು ಯಾವಾಗ?"

ಬಂತು ಆ ಪ್ರಶ್ನೆ. ಬೂರುಲ್ ಸುಳ್ಳು ಹೇಳಬಹುದಿತ್ತು. ಹೋದ ವರ್ಷ ಎನ್ನಬಹುದಿತ್ತು. ಪರದೆಯ ಹಿಂದೆ ಮಲಗಿದವಳೊಬ್ಬಳಿಗೆ ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹತ್ತೊಂಬತ್ತು ವರ್ಷ ಆಯ್ತು."

ತುರ್ದುಕಾನ್ ಈಗ ತಲೆಯೆತ್ತಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಬೂರುಲ್ ಕಾದಳು. ಅವಳು ಎರಡನ್ನೂ ಮಾಡಲಿಲ್ಲ.

"ಹತ್ತೊಂಬತ್ತು ವರ್ಷ ನಾನವಳನ್ನ ಬಾಗಿಲ ಹತ್ರ ಕೂರಿಸಿದೆ," ಎಂದಳು. "ಕೆನ್ಜೆ ಹೆತ್ತಾಗ ಮಗೂನ ಎತ್ಕೊಳ್ಳೋಕೆ ಇವಳು ಕೈ ಚಾಚಿದ್ಲು. ನಾನು ಕೊಡಲಿಲ್ಲ."

ಕೆನ್ಜೆ ಬಾಯಿಗೆ ಬಟ್ಟೆ ಒತ್ತಿಕೊಂಡಳು. ಬಿಸಿಲು ಪರದೆಯ ಅಂಚಿಗೆ ತಾಗಿತ್ತು.

"ನಂಗೆ ಹೇಳಿದ್ದು ಸಾಕು. ಹೊರಗೆ ಹೋಗಿ ಅವರಿಗೆ ಹೇಳು," ಎಂದಳು ತುರ್ದುಕಾನ್. "ನನ್ನ ಬಾಯಿಂದ ಹೇಳ್ಸಬೇಡ. ಹೇಳಿ ಬಂದ್ರೆ ನೀರು ಹಾಕೋಕೆ ಒಳಗೆ ಬಾ. ಹೇಳದಿದ್ರೆ ಹಾಗೇ ವ್ಯಾನ್ ಹತ್ತು."

ಎಸೆನ್ ಜೊತೆ ಕೋಲೂರಿ ಬಗ್ಗಿ ನಿಂತ ಗಂಡಸರ ಸಾಲಿನ ಎದುರಿಗೆ ಹೆಂಗಸರು ಹೋಗುವ ಪದ್ಧತಿಯಿಲ್ಲ. ಬೂರುಲ್ ಕೊಪ್ಪರಿಗೆ ದಾಟಿ, ಬೋರ್ಸೋಕ್ ಎಂಬ ಹಿಟ್ಟಿನ ತುಣುಕು ಕರಿಯುವ ಎಣ್ಣೆಯ ಹೊಗೆ ದಾಟಿ ಹೋಗಿ ನಿಂತಳು. ಎಂಟು ಬೆನ್ನುಗಳು ಒಟ್ಟಿಗೆ ನೆಟ್ಟಗಾದವು. ವ್ಯಾನಿನ ಹತ್ತಿರ ಶಿಷ್ಯರು ಮಾತು ನಿಲ್ಲಿಸಿದರು. ಅವಳು ಒಳಗೆ ಹೇಳಿದ್ದನ್ನೇ ಹೇಳಿದಳು, ಇನ್ನೂ ಗಿಡ್ಡದಾಗಿ. ತಪ್ಪು ತನ್ನದು ಎಂದಳು. ಎಷ್ಟು ವರ್ಷದಿಂದ ಗೊತ್ತಿತ್ತು ಎಂಬುದನ್ನೂ ಯಾರೂ ಕೇಳುವ ಮೊದಲೇ ಹೇಳಿಬಿಟ್ಟಳು.

"ಹೆಣ್ಣನ್ನ ಹೆಣ್ಣು ಅನ್ನೋಕೆ ಇಷ್ಟೊಂದು ಓದಬೇಕಾಗಿತ್ತಾ ಮಗಳೇ?" ಎಂದ ಮುಲ್ಲಾ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. "ಸರಿ. ತೊಳೀರಿ ಹೋಗಿ."

ಎಸೆನ್ ಕೋಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದ. "ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು ಅಣ್ಣ. ನಾನೇ ಹೇಳಿದ್ದೆ."

"ಗೊತ್ತಿದ್ದೂ ನಮ್ಮನೆಗೆ ಬಂದು ಆ ಬಾಗಿಲ ಹತ್ರ ಕೂರ್ತಿದ್ಲಾ?"

ಬೂರುಲ್ ತಲೆ ತಗ್ಗಿಸಿದಳು.

ಗುಡಾರದ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಬಟ್ಟೆ ಹರಿಯುವ ಸದ್ದು ಬಂತು. ಒಂದು. ಸ್ವಲ್ಪ ತಡೆದು ಇನ್ನೊಂದು. ಮಣ್ಣಿನ ಬಟ್ಟಲನ್ನು ಯಾರೋ ಹೊಸ್ತಿಲಾಚೆ ಬೋರಲು ಹಾಕಿದ್ದರು.

ಪರದೆಯ ಹಿಂದೆ ಜಾಗ ಕಿರಿದು. ಬೂರುಲ್ ತೋಳು ಮಡಚಿ ಹೂಜಿ ಹಿಡಿದಳು. ತುರ್ದುಕಾನ್ ಕೈಗೆ ಬಟ್ಟೆ ಸುತ್ತಿಕೊಂಡು ತೊಳೆದಳು. ಮೊದಲು ಬಲಗಡೆ, ಆಮೇಲೆ ಎಡಗಡೆ. ಪುಟ್ಟ ಮೈ, ಹೆಚ್ಚು ನೀರು ಬೇಕಾಗಲಿಲ್ಲ. ಬೆರಳ ಸಂದಿಯಲ್ಲಿ ಒಣಗಿದ್ದ ಅಂಬಲಿಯ ಚೂರೊಂದು ನೆನೆದು ಬಿಟ್ಟುಬಂತು. ಬೂರುಲಳ ಕಣ್ಣೀರು ತಡೆಯಿಲ್ಲದೆ ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಹೊರಗೆ ಹೊಸದಾಗಿ ಯಾರೋ ಬಂದರು. ಎಸೆನ್ ದನಿಯೆತ್ತಿದ.

"ಓ ನನ್ನ ತಂಗೀ! ಓ ನನ್ನ ಒಬ್ಬಳೇ ತಂಗೀ!"

ತುರ್ದುಕಾನಳ ಕೈ ಅಸಿಲ್ಕಾನಳ ಕಿವಿಯ ಹತ್ತಿರ ಬಂದಿತ್ತು. ಹಾಲೆಯಲ್ಲಿ ಓಲೆ ಚುಚ್ಚಿದ್ದ ತೂತು ಎಂದೋ ಮುಚ್ಚಿ, ಸಾಸಿವೆಯಷ್ಟು ಗುರುತು ಉಳಿದಿತ್ತು. ಅವಳು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿಟ್ಟಳು. ಓಲೆ ಇಡುವಾಗ ಹಿಡಿಯುವ ಹಾಗೆ ಎರಡು ಬೆರಳಿನಿಂದ ಆ ಹಾಲೆಯನ್ನು ಹಿಡಿದುಕೊಂಡಳು. ಬೂರುಲ್ ಹೂಜಿ ಬಗ್ಗಿಸಿ ಕಾದಳು. ನೀರು ತಣ್ಣಗಾಗುತ್ತ ಬಂದರೂ ಅವಳು ಬೆರಳು ಬಿಡಲಿಲ್ಲ.